ಕಪಾಟಿನೊಳಗಿನ ಬಾಕಿ

ಯಾರ ಮನೆಗೆ ಹೋದರೂ ಚಹಾ ಬರುವಷ್ಟರಲ್ಲಿ ಅವರ ಪುಸ್ತಕಗಳ ಕಡೆ ಕಣ್ಣಾಡಿಸುವುದು ನನಗೊಂದು ಚಟ. ಬ್ಯಾಂಕಿನಲ್ಲಿ 36 ವರ್ಷ ಮಂದಿಯ ಲೆಕ್ಕ ನೋಡಿದ ಕಣ್ಣು, ಸುಮ್ಮನೆ ಕೂಡುವುದಿಲ್ಲ.

ನಮ್ಮ ಡಂಬಳದ ಹಳೆಯ ಮನೆಗಳಲ್ಲಿ ಗಾಜಿನ ಕಪಾಟು ಕಡಿಮೆ. ಗೋಡೆಯ ಮಾಡದಲ್ಲೇ ಪಂಚಾಂಗ, ವಚನದ ಪುಸ್ತಕ, ಬಯಲಾಟದ ಪುಸ್ತಕ ಒಂದರ ಮೇಲೊಂದು ಕೂತಿರುತ್ತವೆ. ಹಾಳೆಯ ಮೂಲೆ ಎಣ್ಣೆಗೈಯಿಂದ ಕಂದಿದ್ದರೆ ಆ ಮನೆಯಲ್ಲಿ ದಿನಾ ಓದುವವರಿದ್ದಾರೆ ಎಂದರ್ಥ. ಡಂಬಳ-ಗದಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ 2018ರಲ್ಲಿ ಲಿಂಗೈಕ್ಯರಾದರು. ಅವರನ್ನು ಜನ 'ಪುಸ್ತಕದ ಸ್ವಾಮೀಜಿ' ಎಂದೇ ಕರೆಯುತ್ತಿದ್ದರು. ಮಠದ ಅಧ್ಯಯನ ಸಂಸ್ಥೆ ನೂರಾರು ಪುಸ್ತಕ ಪ್ರಕಟಿಸಿತು. ಅವುಗಳಲ್ಲಿ ಒಂದೆರಡು ನಮ್ಮೂರ ಮಾಡಗಳಲ್ಲೂ ಸಿಗುತ್ತವೆ. ಕೆಲವು ಇನ್ನೂ ಹೊಚ್ಚ ಹೊಸದಾಗಿಯೇ ಇವೆ. ಅದೂ ಒಂದು ಸುದ್ದಿಯೇ!

ಹೀಗೆ ಊರವರ ಕಪಾಟು ಓದುತ್ತಿದ್ದ ನನ್ನ ಕಪಾಟನ್ನು ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗಳು ಓದಿಬಿಟ್ಟಳು. ಆರನೇ ಇಯತ್ತೆ ಮುಗಿಸಿದ ಹುಡುಗಿ. ಧೂಳು ಒರೆಸಲು ಹಚ್ಚಿದ್ದೆ.

"ಅಜ್ಜಾ, ಇದು ನಮ್ಮ ಪುಸ್ತಕ ಅಲ್ಲ. ಬ್ಯಾರೆಯವರ ಹೆಸರೈತಿ."

ನೋಡಿದರೆ ಗಿರೀಶ ಕಾರ್ನಾಡರ 'ಯಯಾತಿ'. ಒಳಪುಟದಲ್ಲಿ ಮುಂಡರಗಿಯ ನನ್ನ ಮಾಸ್ತರ ಗೆಳೆಯರ ದುಂಡನೆಯ ಸಹಿ. 1982ರಲ್ಲಿ ಎಂಟು ದಿನಕ್ಕೆಂದು ತಂದದ್ದು.

"ಹದಿನಾಲ್ಕನೇ ಪುಟದಾಗ ಬ್ಯಾಂಕಿನ ಚಲನ್ ಐತಿ. ಮುಂದ ಓದಿಲ್ಲೇನು? ಸಾಲ ಕಟ್ಟದವರಿಗೆ ನೋಟೀಸು ಬರೀತಿದ್ದೆ ಅಂತ ಹೇಳ್ತಿದ್ದಿ?"

ಉತ್ತರ ಹೊಳೆಯಲಿಲ್ಲ. ಇಷ್ಟು ವರ್ಷ ಬಂದವರೆಲ್ಲ ಅದನ್ನು ನೋಡಿ "ನಾಟಕಾನೂ ಓದ್ತೀರಲ್ಲ" ಎಂದಾಗ ನಾನು ಸುಮ್ಮನೆ ತಲೆಯಾಡಿಸಿದ್ದೆ.

ಮರುದಿನ ಇಬ್ಬರೂ ಮುಂಡರಗಿ ಬಸ್ಸು ಹತ್ತಿದೆವು. ಮಾಸ್ತರು ಇದ್ದಾರೋ ಇಲ್ಲವೋ ಎಂಬ ಅಳುಕು ಒಳಗೊಳಗೇ ಇತ್ತು. ಐದಾರು ವರ್ಷದಿಂದ ಹೋಗಿರಲಿಲ್ಲ. ಪುಸ್ತಕದ ನಾಚಿಕೆಯೂ ಅದಕ್ಕೊಂದು ಕಾರಣವಿರಬೇಕು.

ಇದ್ದರು. ಎಂಬತ್ತು ದಾಟಿದೆ, ಕಣ್ಣು ಮಂಜು. ಆದರೆ ಅವರ ಕಪಾಟು ಮೊದಲಿನಂತೆಯೇ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಆರಂಭಿಸಿದರು. ವರ್ಷದ ಚಂದಾ ಕಟ್ಟಿದರೆ ಆ ವರ್ಷದ ಪುಸ್ತಕಗಳು ಮನೆಗೇ ಬರುತ್ತಿದ್ದವು. ನಮ್ಮ ಕಡೆಯ ಎಷ್ಟೋ ಮಾಸ್ತರರು ಮನೆಖರ್ಚು ಹಿಡಿದು ಆ ಚಂದಾ ಕಟ್ಟಿದವರು. ಇವರೂ ಹಾಗೆಯೇ. ಪುಸ್ತಕಗಳನ್ನು ವರ್ಷದ ಕ್ರಮದಲ್ಲೇ ಜೋಡಿಸಿದ್ದರು. ಎಲ್ಲಕ್ಕೂ ಹಳೆಯ ಕ್ಯಾಲೆಂಡರಿನ ಹೊದಿಕೆ. 1961ರ ಸಾಲಿನಲ್ಲಿ ಬೆರಳಗಲ ಜಾಗ ಖಾಲಿ.

ಮೊಮ್ಮಗಳೇ ಪುಸ್ತಕ ಕೈಗಿಟ್ಟಳು. ಮಾಸ್ತರು ಬೆನ್ನು ಸವರಿ ನೋಡಿ, "ಯಯಾತಿ ಬಂದ ಏನು!" ಎಂದರು. ಕಪಾಟಿನ ಕೆಳಗಿಂದ ರೂಲ್ ಎಳೆದ ನೋಟುಬುಕ್ಕು ತೆಗೆಸಿದರು. ಒಯ್ದವರ ಹೆಸರು, ತಾರೀಖು, ಬಂದರೆ ಒಂದು ಗೆರೆ. ನಾನು ಅಷ್ಟು ಅಚ್ಚುಕಟ್ಟಾದ ಲೆಡ್ಜರು ಬ್ಯಾಂಕಿನಲ್ಲೂ ಬರೆದಿಲ್ಲ. ಗೆರೆ ಬೀಳದ ಹೆಸರುಗಳು ಬಹಳ ಇರಲಿಲ್ಲ, ಅವುಗಳಲ್ಲಿ ನನ್ನದೊಂದು.

"ಹೆಂಗಿತ್ತಪಾ ನಾಟಕ?" ಎಂದು ಕೇಳಿದರು.

ಮೊಮ್ಮಗಳು ನನ್ನ ಮುಖ ನೋಡಿದಳು. "ಹದಿನಾಲ್ಕು ಪುಟ ಓದೀನ್ರಿ ಮಾಸ್ತರ" ಎಂದೆ.

ಮಾಸ್ತರು ನಕ್ಕು ನಕ್ಕು ಕೆಮ್ಮಿದರು. ಮುಪ್ಪು ಬಂದ ರಾಜನೊಬ್ಬ ಮಗನ ಹತ್ತಿರ ಯೌವನ ಬೇಡುವ ಕತೆ ಅದು ಎಂದು ಹುಡುಗಿಗೆ ಹೇಳಿದರು. "ಮಗ ಕೊಟ್ಟನೇನ್ರಿ?" ಎಂದು ಅವಳು ಕೇಳಿದಳು. "ನಿಮ್ಮ ಅಜ್ಜನ ಕೂಡ ಓದಿ ನೋಡು. ಆಗ ಅವಗ ಮೂವತ್ತು ವರ್ಷ, ಎಲ್ಲಿ ತಿಳೀತಿತ್ತು? ಈಗ ತಿಳೀತದ" ಎಂದರು.

ನೋಟುಬುಕ್ಕಿನಲ್ಲಿ ನನ್ನ ಹೆಸರಿನ ಮೇಲೆ ನಡುಗುವ ಕೈಯಿಂದ ಗೆರೆ ಎಳೆದರು. ಪೆನ್ನನ್ನು ಮೊಮ್ಮಗಳ ಕೈಗೆ ಕೊಟ್ಟು, ಕೆಳಗಿನ ಸಾಲಿನಲ್ಲಿ ಅವಳ ಹೆಸರು ಬರೆಯಲು ಹೇಳಿದರು. ಅವಧಿ, ಎಂಟು ದಿನ.