ಸೇತುವೆಗೆ ಸೀಲು ಹಾಕೋರು ಯಾರು?

ಅಂಗಡಿಯವನ ತಕ್ಕಡಿಗೆ ಸೀಲು ಇಲ್ಲದಿದ್ದರೆ ದಂಡ. ಬಸ್ಸಿಗೆ ಎಫ್‌ಸಿ ಇಲ್ಲದಿದ್ದರೆ ರಸ್ತೆಗೆ ಇಳಿಯುವಂತಿಲ್ಲ. ಆದರೆ ಆ ಬಸ್ಸು ದಾಟುವ ಸೇತುವೆಯನ್ನು ಕೊನೆಯ ಸಲ ಯಾರು, ಯಾವಾಗ ಪರೀಕ್ಷೆ ಮಾಡಿದರು? ಪ್ರಯಾಣಿಕನಿಗೆ ಗೊತ್ತೇ ಇರೋದಿಲ್ಲ. ಹಳೇ ಸೇತುವೆಗೆ ಇಲ್ಲಿ ಎರಡೇ ಗತಿ: ಒಂದೋ ಗುಜರಿ, ಇಲ್ಲವೇ ತಾನಾಗಿ ಬೀಳೋವರೆಗೆ ದುಡಿತ.

ಮೂರನೇ ದಾರಿಯೂ ಇದೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಸ್ಯಾವೇಜ್ ಎಂಬ ಊರಲ್ಲಿ ಲಿಟಲ್ ಪಟಕ್ಸೆಂಟ್ ಹೊಳೆಯ ಮೇಲೆ ಒಂದು ಕಬ್ಬಿಣದ ಸೇತುವೆ ನಿಂತಿದೆ. 1869ರಲ್ಲಿ ರೈಲಿಗಾಗಿ ಕಟ್ಟಿದ್ದು. 1887ರಲ್ಲಿ ಅದನ್ನು ಬಿಚ್ಚಿ ತಂದು, ಇಲ್ಲಿನ ಕ್ಯಾನ್ವಾಸ್ ಗಿರಣಿಗೆ ಹೋಗುವ ಕವಲು ಹಳಿಗೆ ಜೋಡಿಸಿದರು. 1947ರಲ್ಲಿ ಗಿರಣಿ ಮುಚ್ಚಿತು. ಸೇತುವೆ ಮಾತ್ರ ಗುಜರಿಗೆ ಹೋಗಲಿಲ್ಲ.

ಇದರ ವಿನ್ಯಾಸ ವೆಂಡೆಲ್ ಬೋಲ್‌ಮನ್‌ನದು. ರೈಲ್ವೆ ಕಂಪನಿಗೆ ಬಡಗಿಯಾಗಿ ಸೇರಿದವನು, ಕೆಲಸ ಮಾಡುತ್ತಲೇ ಎಂಜಿನಿಯರಿಂಗ್ ಕಲಿತವನು. 1852ರಲ್ಲಿ ಪೇಟೆಂಟ್ ಪಡೆದ. ಅವನ ಉಪಾಯ ಸರಳ: ಭಾರ ಬೀಳುವ ಒಂದೊಂದು ಜಾಗದಿಂದಲೂ ಎರಡು ತುದಿಗಳಿಗೆ ಬೇರೆ ಬೇರೆ ಕಬ್ಬಿಣದ ಪಟ್ಟಿ. ಒಂದು ಪಟ್ಟಿ ಕೈಕೊಟ್ಟರೂ ಇಡೀ ಸೇತುವೆ ಒಮ್ಮೆಗೇ ಕುಸಿಯಬಾರದು. ಆ ಜಾತಿಯಲ್ಲಿ ಇಂದು ಉಳಿದಿರುವುದು ಇದೊಂದೇ. 1966ರಲ್ಲಿ ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ ಐತಿಹಾಸಿಕ ಕಾಮಗಾರಿಗಳನ್ನು ಗುರುತಿಸಲು ಹೊರಟಾಗ ಮೊದಲ ಮರ್ಯಾದೆ ಇದಕ್ಕೇ ಸಂದಿತು. ರೈಲಿನ ಭಾರ ಹೊತ್ತ ಸೇತುವೆ ಈಗ ಕಾಲ್ನಡಿಗೆಯವರಿಗೆ ಮಾತ್ರ. ವಯಸ್ಸಿಗೆ ತಕ್ಕ ಕೆಲಸ.

ಇಲ್ಲಿ ಆಗಿದ್ದೇನು? 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಹಳೇ ಕಾಳಿ ಸೇತುವೆ ಕುಸಿದು ಲಾರಿ ನದಿಗೆ ಬಿತ್ತು. ಚಾಲಕ ಬದುಕಿದ್ದು ಅವನ ಪುಣ್ಯ. 2025ರ ಜೂನ್ 15ರ ಭಾನುವಾರ ಪುಣೆ ಬಳಿ ಇಂದ್ರಾಯಣಿ ನದಿಯ ಹಳೇ ಕಬ್ಬಿಣದ ಸೇತುವೆ ಜನರ ಭಾರಕ್ಕೆ ಮುರಿದು ನಾಲ್ವರು ಸತ್ತರು. 'ಅಪಾಯ' ಎಂಬ ಬೋರ್ಡು ಅಲ್ಲೇ ಇತ್ತು. ಬೋರ್ಡು ಜನರನ್ನು ತಡೆಯುತ್ತದೆಯೇ ಸ್ವಾಮಿ?

ಕೇಳುವುದು ಬಹಳವೇನಲ್ಲ. ಜಿಲ್ಲೆಯ ಪ್ರತಿ ಹಳೇ ಸೇತುವೆಯ ಮೇಲೂ ಪರೀಕ್ಷೆಯ ತಾರೀಖು, ತಾಳುವ ಭಾರ, ಹೊಣೆ ಹೊತ್ತ ಅಧಿಕಾರಿಯ ಹುದ್ದೆ ಇಷ್ಟನ್ನು ದಪ್ಪಕ್ಷರದಲ್ಲಿ ಬರೆಸಲಿ. ವಾಹನಕ್ಕೆ ಆಗದಿದ್ದರೆ ಬರೀ ಬೋರ್ಡು ಸಾಲದು, ಅಡ್ಡ ಕಂಬ ನೆಡಲಿ. ಉಳಿಸಲು ಯೋಗ್ಯವಾದದ್ದನ್ನು ದುರಸ್ತಿ ಮಾಡಿ ನಡೆದಾಡುವವರಿಗೆ ಬಿಡಲಿ.

ತಕ್ಕಡಿ ತಪ್ಪಿದರೆ ಹೋಗೋದು ನೂರು ಗ್ರಾಂ ಬೇಳೆ. ಸೇತುವೆ ತಪ್ಪಿದರೆ?