ಗಿರಿಗೆ ಸ್ಲಾಟ್ ಬಂತು, ಪೇಟೆಗೆ ಏನು ಬಂತು?

ಚಿಕ್ಕಮಗಳೂರು: ಒಂದು ಭಾನುವಾರ ದಾವಣಗೆರೆಯಿಂದ ನಮ್ಮ ಅಕ್ಕ, ಬಾವ, ಇಬ್ಬರು ಮಕ್ಕಳು ಕಾರಲ್ಲಿ ಬಂದ್ರು. ಸರ್ಪದಾರಿಯಲ್ಲಿ ನಡೆದುಕೊಂಡೇ ಮುಳ್ಳಯ್ಯನಗಿರಿ ಹತ್ತಬೇಕು ಅಂತ ಮಕ್ಕಳದ್ದು ಹಟ. ಹೊಸ ಶೂ, ಬೆನ್ನಿಗೆ ಬ್ಯಾಗು, ಡಬ್ಬಿ ತುಂಬ ಪುಳಿಯೋಗರೆ, ಎಲ್ಲಾ ರೆಡಿ. ಕೈಮರ ಚೆಕ್‌ಪೋಸ್ಟ್‌ನಲ್ಲಿ "ಬುಕಿಂಗ್ ಆಗಿದ್ಯಾ?" ಅಂತ ಕೇಳಿದ್ರು. ಆಗಿರಲಿಲ್ಲ. ಮೊಬೈಲ್ ತೆಗೆದು ನೋಡಿದ್ರೆ ಸ್ಲಾಟ್ ಫುಲ್. ಕಾರು ವಾಪಸ್.

"ಎಂತದು ಮಾರಾಯ, ನಿಮ್ಮೂರಿನ ಗುಡ್ಡ ನೋಡೋಕೂ ರಿಸರ್ವೇಷನ್ನಾ?" ಅಂತ ಅಕ್ಕ ನನ್ನ ಮೇಲೆ ಹಾರಿದಳು. ದಿನಾ ಊರಿಗೆಲ್ಲ ಸುದ್ದಿ ಕೊಡೋ ನಾನು ಮನೆಯವರಿಗೇ ಹೇಳಿರಲಿಲ್ಲ. ತಪ್ಪು ನಂದೇ.

ನಿಯಮ ಏನು?

2025ರ ಸೆಪ್ಟೆಂಬರ್ 1ರಿಂದ ಜಿಲ್ಲಾಡಳಿತ ಈ ಭಾಗಕ್ಕೆ ಆನ್‌ಲೈನ್ ನೋಂದಣಿ ಕಡ್ಡಾಯ ಮಾಡಿದೆ. ದಿನಕ್ಕೆ 1200 ವಾಹನ. ಬೆಳಿಗ್ಗೆ 600, ಮಧ್ಯಾಹ್ನದ ಮೇಲೆ 600. ಅದಕ್ಕೆ ಮೊದಲು ರಜೆ ಬಂತು ಅಂದ್ರೆ ಗಿರಿ ರಸ್ತೆ ಹೇಗಿರ್ತಿತ್ತು ಅಂತ ಇಲ್ಲಿನವರಿಗೆ ಹೇಳಬೇಕಿಲ್ಲ. 2022ರಲ್ಲಿ ನೀಲಕುರಿಂಜಿ ಅರಳಿದಾಗ ಹೂವಿಗಿಂತ ಕಾರೇ ಜಾಸ್ತಿ ಕಂಡಿದ್ದು ನೆನಪಿರಬಹುದು.

1930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ರಾಜ್ಯದಲ್ಲೇ ಎತ್ತರದ ಶಿಖರ. ಆದ್ರೆ ಅಲ್ಲಿಗೆ ಹೋಗೋ ರಸ್ತೆ ಕಿರಿದು, ಒಂದು ಕಡೆ ಗುಡ್ಡ, ಒಂದು ಕಡೆ ಪ್ರಪಾತ. ಎದುರು ಬದುರು ಎರಡು ಟೆಂಪೋ ಸಿಕ್ಕಿಕೊಂಡ್ರೆ ಹಿಂದೆ ಇರೋರೆಲ್ಲ ನಿಂತಲ್ಲೇ. ಮಿತಿ ಬೇಕಿತ್ತು, ಅದರಲ್ಲಿ ಅನುಮಾನ ಇಲ್ಲ.

ವ್ಯಾಪಾರದ ಲೆಕ್ಕ

"ಗಾಡಿ ಕಡಿಮೆ ಆದ್ರೆ ವ್ಯಾಪಾರ ಕಡಿಮೆ" ಅನ್ನೋ ಮಾತು ಪೇಟೆಯಲ್ಲಿ ಕೇಳಿ ಬರ್ತಿದೆ. ನಿಜವಾ? ನಮ್ಮ ಅಕ್ಕನ ಸಂಸಾರವನ್ನೇ ತಗೊಳ್ಳಿ. ಆ ಭಾನುವಾರ ಅವರು ಪೇಟೆಯಲ್ಲಿ ಕೊಂಡಿದ್ದು ಎರಡು ಬಾಟಲಿ ನೀರು. ಊಟ ಮನೆಯದ್ದು, ಪೆಟ್ರೋಲ್ ದಾವಣಗೆರೆಯದ್ದು. ಸ್ಲಾಟ್ ಸಿಕ್ಕಿದ್ರೂ ಸಂಜೆ ಹಾಗೇ ಹೋಗಿಬಿಡ್ತಿದ್ರು.

ಎರಡು ವಾರ ಬಿಟ್ಟು ಮತ್ತೆ ಬಂದ್ರು. ಸಿಕ್ಕಿದ್ದು ಬೆಳಗಿನ ಸ್ಲಾಟ್. ಹಾಗಾಗಿ ಹಿಂದಿನ ರಾತ್ರಿಯೇ ಬಂದು ಲಾಡ್ಜ್‌ನಲ್ಲಿ ಉಳಿದ್ರು. ರಾತ್ರಿ ಊಟ, ಬೆಳಿಗ್ಗೆ ತಿಂಡಿ, ಮಕ್ಕಳಿಗೆ ಎರಡು ರೇನ್‌ಕೋಟು, ಇಳಿದು ಬಂದ ಮೇಲೆ ಎಂ.ಜಿ. ರಸ್ತೆಯಲ್ಲಿ ಕಾಫಿಪುಡಿ. ಅದೇ ಸಂಸಾರ, ಅದೇ ಕಾರು. ಪೇಟೆಗೆ ಬಂದ ದುಡ್ಡು ಮಾತ್ರ ಬೇರೆ.

ಹಾಗಂತ ಎಲ್ಲರಿಗೂ ಲಾಭ ಅಂತಲ್ಲ. ವಾಪಸ್ ಹೋದವರೆಲ್ಲ ಮತ್ತೆ ಬರಲ್ಲ. ಗಿರಿ ದಾರಿಯಲ್ಲಿ ಜೋಳ, ಟೀ, ಮ್ಯಾಗಿ ಮಾರೋರಿಗೆ ಜನಸಂದಣಿಯೇ ಬಂಡವಾಳ. ಬಾಡಿಗೆ ಜೀಪಿನವರಿಗೂ ಹಾಗೇ. ಮಿತಿಯ ಹೊರೆ ಮೊದಲು ಬೀಳೋದು ಇವರ ಮೇಲೆ. ಇವರ ಜೊತೆ ಕೂತು ಮಾತಾಡದೆ ನಿಯಮ ಬಹಳ ದಿನ ನಡೆಯಲ್ಲ.

ಎಣಿಕೆಯಲ್ಲೇ ಎಡವಟ್ಟು

ಇನ್ನೊಂದು ವಿಷಯ. ನಾವು ಎಣಿಸ್ತಿರೋದು ಗಾಡಿ, ಜನರನ್ನಲ್ಲ. ಇಬ್ಬರು ಕೂತ ಕಾರೂ ಒಂದೇ, ಹನ್ನೆರಡು ಜನರ ಟೆಂಪೋ ಟ್ರಾವೆಲರೂ ಒಂದೇ. ಚಾರಣಕ್ಕೆ ಬರೋ ಸಂಸಾರಕ್ಕೆ ಕಾರು ಬೇಕಾಗಿರೋದು ಸರ್ಪದಾರಿ ಶುರುವಾಗೋ ಜಾಗದವರೆಗೆ ಮಾತ್ರ. ಆಮೇಲೆ ನಡಿಗೆಯೇ. ಸ್ಲಾಟ್ ಸಮಯಕ್ಕೆ ಸರಿಯಾಗಿ ನಗರದ ಬಸ್ ನಿಲ್ದಾಣದಿಂದ ಮಿನಿ ಬಸ್ ಓಡಿಸಿದ್ರೆ ಕಾರು ಕೆಳಗೇ ಉಳಿಯುತ್ತೆ. ಬಸ್ಸಿಗೆ ಕಾಯೋ ಜನ ಪೇಟೆಯಲ್ಲೇ ತಿಂಡಿ ತಿಂತಾರೆ, ಸಾಮಾನು ಕೊಳ್ತಾರೆ. ಮೊಬೈಲ್ ಬುಕಿಂಗ್ ಗೊತ್ತಿಲ್ಲದ ಹಿರಿಯರಿಗೆ ನಿಲ್ದಾಣದಲ್ಲೇ ಒಂದು ಕೌಂಟರ್ ಇಟ್ರೆ ಇನ್ನೂ ಒಳ್ಳೇದು.

ನೀರಿನ ಮಾತು

ಕೊನೆಗೆ, ಗಿರಿ ಅಂದ್ರೆ ಬರೀ ಪ್ರವಾಸವಲ್ಲ. ಮಳೆಗಾಲದ ನೀರನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡೋದು ಅಲ್ಲಿನ ಶೋಲಾ ಕಾಡು, ಹುಲ್ಲುಗಾವಲು. ಯಗಚಿ ಹುಟ್ಟೋದು ಈ ಬೆಟ್ಟಸಾಲಲ್ಲಿ. ನಗರಕ್ಕೆ ಕುಡಿಯೋ ನೀರು ಕೊಡೋ ಹಿರೇಕೊಳಲೆ ಕೆರೆ ಇರೋದೂ ಇದೇ ಗುಡ್ಡಗಳ ಮಡಿಲಲ್ಲಿ. ಹುಲ್ಲಿನ ಮೇಲೆ ಗಾಡಿ ಹತ್ತಿಸಿ, ಬಾಟಲಿ ಎಸೆದು ಹೋಗೋರು ಸಂಜೆಗೆ ಊರು ಸೇರ್ತಾರೆ. ಬೇಸಿಗೆಯಲ್ಲಿ ಕೊಡ ಹಿಡಿದು ನಿಲ್ಲೋರು ನಾವು.

ಹಾಗಾಗಿ "ಮಿತಿ ತೆಗೀರಿ" ಅಂತ ಕೇಳೋ ಬದಲು "ಬಸ್ ಕೊಡಿ, ಕೌಂಟರ್ ಕೊಡಿ, ದಾರಿಬದಿ ವ್ಯಾಪಾರಿಗಳಿಗೆ ಜಾಗ ಕೊಡಿ" ಅಂತ ವರ್ತಕರು ಕೇಳಿದ್ರೆ ಊರಿಗೂ ಒಳ್ಳೇದು, ಗಿರಿಗೂ ಒಳ್ಳೇದು.

ಅಂದಹಾಗೆ, ಮಕ್ಕಳು ಸರ್ಪದಾರಿ ಹತ್ತಿದ್ರು. ತುದಿಯಲ್ಲಿ ಮಂಜು ಕವಿದು ಏನೂ ಕಾಣಲಿಲ್ಲವಂತೆ. ಆದ್ರೂ ಮುಂದಿನ ಸಲಕ್ಕೆ ಈಗಲೇ ಬುಕ್ ಮಾಡು ಅಂತ ನನಗೇ ಫೋನು.