ಒಂದು ಬೋಟಿಗೆ ಎಷ್ಟು ಕಣ್ಣು?

ಕೆದಂಬಾಡಿಗೆ ಕಡಲಿಲ್ಲ. ಆದರೂ ತಿಂಗಳಾಡಿ ರಸ್ತೆಯಲ್ಲಿ ಮೀನಿನ ಗಾಡಿಯ ಹಾರ್ನ್ ಕೇಳಿತೆಂದರೆ ಪಾತ್ರೆ ಹಿಡಿದು ಹೊರಗೆ ಬರುವವರಿಗೆ ಕಡಿಮೆಯಿಲ್ಲ. "ಬಂಗುಡೆ ನೂರಕ್ಕೆ ಎಷ್ಟು ಮಾರಾಯಾ?" ಎಂಬ ಪ್ರಶ್ನೆಗೆ ಉತ್ತರ ತಯಾರಾಗುವುದು ಮಾತ್ರ ಇಲ್ಲಲ್ಲ, 50 ಕಿ.ಮೀ. ಆಚೆಯ ಮಂಗಳೂರು ಧಕ್ಕೆಯಲ್ಲಿ. ಆದುದರಿಂದ ಬೋಟಿನವರು ಕ್ಯಾಬಿನ್ನಿನೊಳಗೆ ಏನು ಕೂರಿಸುತ್ತಾರೆ ಎಂಬುದು ಘಟ್ಟದ ಬುಡದವರಿಗೂ ಸಂಬಂಧಪಟ್ಟ ವಿಷಯವೇ.

ಕೂರಿಸುವುದು ಫಿಶ್ ಫೈಂಡರ್. ಒಂದಿದ್ದರೆ ಸಾಕೋ, ಎರಡು ಬೇಕೋ, ಜತೆಗೆ ಸೋನಾರ್ ಬೇರೆ ಬೇಕೋ ಎಂಬುದು ಈಗಿನ ಲೆಕ್ಕಾಚಾರ.

ಯಂತ್ರದ ಕೆಲಸ ಸರಳ. ಬೋಟಿನ ಅಡಿಯಿಂದ ಶಬ್ದ ಬಿಡುವುದು, ಅದು ಬಡಿದು ವಾಪಾಸು ಬರುವ ಹೊತ್ತನ್ನು ಅಳೆಯುವುದು. ಕಡಲ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. 60 ಮೀಟರ್ ಆಳದ ತಳ ಮುಟ್ಟಿ ಬರಲು 0.08 ಸೆಕೆಂಡು. ಮೀನಿನ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ಈ ಶಬ್ದ ಚೆನ್ನಾಗಿ ಬಡಿಯುತ್ತದೆ. ಹಿಂಡು ಇದ್ದಲ್ಲಿ ಪರದೆಯ ಮೇಲೆ ಬಣ್ಣದ ಮುದ್ದೆ ಕಾಣುವುದು ಹಾಗೆ. ಜಪಾನಿನ ಫುರುನೊ ಕಂಪೆನಿ ಇದನ್ನು 1948ರಲ್ಲೇ ಮಾರುಕಟ್ಟೆಗೆ ತಂದಿತ್ತು.

ಹಾಗಾದರೆ ಎರಡು ಯಾಕೆ? ಹುಚ್ಚಿಗಲ್ಲ. 50 ಕಿಲೋಹರ್ಟ್ಸಿನ ಶಬ್ದ ಆಳಕ್ಕೆ ಹೋಗುತ್ತದೆ, ಅಗಲಕ್ಕೆ ಹರಡುತ್ತದೆ, ಆದರೆ ಚಿತ್ರ ಒರಟು. 200ರದ್ದು ಹೆಚ್ಚು ಆಳಕ್ಕೆ ಇಳಿಯುವುದಿಲ್ಲ, ಆದರೆ ಚಿತ್ರ ಸ್ಪಷ್ಟ. ಇವೆರಡೂ ನೋಡುವುದು ಬೋಟಿನ ಅಡಿಯನ್ನು ಮಾತ್ರ. ತಳ ಕೆರೆಯುವ ಟ್ರಾಲ್ ಬೋಟಿಗೆ ಅಷ್ಟು ಸಾಕು. ಹಿಂಡನ್ನು ಸುತ್ತುಗಟ್ಟುವ ಪರ್ಸೀನ್ ಬೋಟಿಗೆ ಸಾಲದು. ಬೋಟು ಮೇಲೆ ಹಾದುಹೋದ ಮೇಲೆ ಮೀನು ಕಂಡು ಏನು ಪ್ರಯೋಜನ? ಅದಕ್ಕೆ ಸುತ್ತಲೂ ನೋಡುವ ಸೋನಾರ್ ಬೇಕು. ಒಂದು ಯಂತ್ರ ನಡುಗಡಲಲ್ಲಿ ಕೈಕೊಟ್ಟರೆ ಇನ್ನೊಂದಿರಲಿ ಎಂಬ ಮಾತೂ ಸುಳ್ಳಲ್ಲ.

ಆದರೆ ಹಣವಿದ್ದ ಮಾತ್ರಕ್ಕೆ ನಾಲ್ಕು ಕೂರಿಸಿದರೆ ನಾಲ್ಕು ಪಟ್ಟು ಕಾಣುತ್ತದೆ ಎಂದೇನಿಲ್ಲ. ಒಂದೇ ಫ್ರೀಕ್ವೆನ್ಸಿಯ ಎರಡು ಯಂತ್ರ ಒಟ್ಟಿಗೆ ಓಡಿದರೆ ಒಂದರ ಕೂಗು ಇನ್ನೊಂದರ ಕಿವಿಗೆ ಬಿದ್ದು ಪರದೆ ತುಂಬ ಗೀರು. ಶಬ್ದ ಬಿಡುವ ಭಾಗವನ್ನು ಪ್ರೊಪೆಲ್ಲರಿನ ನೊರೆ ತಾಗುವಲ್ಲಿ ಕೂರಿಸಿದರೆ ಮೀನಿನ ಬದಲು ಗುಳ್ಳೆಯೇ ಕಂಡೀತು. ಬ್ಯಾಟರಿಯ ಮೇಲಿನ ಭಾರ ಬೇರೆ.

ಇನ್ನು ನಿಜವಾದ ಪ್ರಶ್ನೆ. ಇಷ್ಟೆಲ್ಲ ಕಣ್ಣು ಬಂದ ಮೇಲೆ ಮೀನಿಗೆ ಅಡಗಲು ಜಾಗ ಎಲ್ಲುಂಟು?

ಕರಾವಳಿಗೆ ಈ ಪ್ರಶ್ನೆ ಹೊಸತಲ್ಲ. ರಂಪಣಿಯ ಕಾಲದಲ್ಲಿ ದಡದ ಮೇಲೆ ನಿಂತು ನೀರಿನ ಬಣ್ಣ, ಹಕ್ಕಿಯ ಹಾರಾಟ ನೋಡಿ ಹಿಂಡು ಗುರುತಿಸುತ್ತಿದ್ದರು. ದಡಕ್ಕೆ ಬಂದ ಮೀನಷ್ಟೇ ಬಲೆಗೆ, ಬಾರದ್ದು ಉಳಿಯಿತು. 1975ರ ಸುಮಾರಿಗೆ ಪರ್ಸೀನ್ ಬಂತು. ಮೀನು ದಡಕ್ಕೆ ಬರುವ ಮೊದಲೇ ಹೊರಗಡೆ ಹಿಡಿಯುತ್ತಾರೆಂದು ರಂಪಣಿಯವರು ಬೊಬ್ಬೆ ಹೊಡೆದರು, ಜಗಳವೂ ಆಯಿತು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗೆ ಬಿತ್ತು. ಅಂದು ಗೆದ್ದ ಪರ್ಸೀನಿನವರೇ ಇಂದು ಮೀನಿಲ್ಲ ಎಂದು ತಲೆಗೆ ಕೈಹೊತ್ತು ಕೂರುವ ವರ್ಷಗಳಿವೆ.

ಎಲ್ಲ ತಪ್ಪನ್ನೂ ಯಂತ್ರದ ತಲೆಗೆ ಕಟ್ಟುವುದು ಸರಿಯಲ್ಲ. ನೆರೆಯ ಕೇರಳದಲ್ಲಿ 2012ರಲ್ಲಿ 4 ಲಕ್ಷ ಟನ್ನಿನ ಹತ್ತಿರ ಸಿಕ್ಕಿದ ಬೂತಾಯಿ 2021ಕ್ಕೆ ಮೂರು ಸಾವಿರ ಚಿಲ್ಲರೆ ಟನ್ನಿಗೆ ಇಳಿಯಿತು. ಕಡಲು ಬಿಸಿಯಾದದ್ದು, ಎಲ್ ನಿನೋ ಮುಂತಾದ ಕಾರಣಗಳನ್ನು ವಿಜ್ಞಾನಿಗಳು ಹೇಳುತ್ತಾರೆ. ಹೌದು. ಆದರೆ ಮೀನು ಕಡಿಮೆಯಾದ ವರ್ಷವೇ ಯಂತ್ರದ ಕಣ್ಣು ಹೆಚ್ಚು ಅಪಾಯದ್ದು. ಉಳಿದ ನಾಲ್ಕು ಹಿಂಡನ್ನೂ ಅದು ಹುಡುಕಿಕೊಡುತ್ತದೆ. ಸಿಕ್ಕಿದ ಮೀನು ನೋಡಿ "ಇನ್ನೂ ಬೇಕಾದಷ್ಟು ಉಂಟು" ಎಂಬ ಭ್ರಮೆ ಬೇರೆ.

ಕೆದಂಬಾಡಿಯ ಹೆಸರು ಹೊತ್ತ ಜತ್ತಪ್ಪ ರೈಗಳು 'ಬೇಟೆಯ ನೆನಪುಗಳು' ಬರೆದವರು. ಹೆಜ್ಜೆ ನೋಡಿ, ಗಾಳಿ ನೋಡಿ, ಕಾದು ಕೂತು ಬೇಟೆಯಾಡುವ ಕಾಲವದು. ಅಂಥ ಕಾಡಿನ ಬೇಟೆಗೂ 1972ರ ಕಾಯಿದೆ ಬಂತು. ಕಡಲಿನಲ್ಲಿ ನಡೆಯುವುದೂ ಬೇಟೆಯೇ ಎಂಬುದನ್ನು ಮಾತ್ರ ನಾವು ಮರೆತಂತಿದೆ.

ಕಾಯಿದೆ ಇಲ್ಲವೆಂದಲ್ಲ. 1986ರ ಕರ್ನಾಟಕ ಕಡಲ ಮೀನುಗಾರಿಕೆ ಕಾಯಿದೆ ಇದೆ. ಜೂನ್, ಜುಲಾಯಿ 61 ದಿನ ಯಾಂತ್ರಿಕ ಬೋಟಿಗೆ ರಜೆ. ಲೈಟ್ ಫಿಶಿಂಗನ್ನು, ಎರಡು ಬೋಟು ಸೇರಿ ಎಳೆಯುವ ಬುಲ್ ಟ್ರಾಲನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿತು. ಆದರೆ ಪರದೆಯ ಮೇಲಿನ ಮುದ್ದೆ ತಾಯಿ ಮೀನಿನದ್ದೋ ಮರಿಯದ್ದೋ ಎಂದು ಫಿಶ್ ಫೈಂಡರ್ ಸುಲಭವಾಗಿ ಹೇಳುವುದಿಲ್ಲ. ಬಲೆ ಎತ್ತಿದ ಮೇಲೆ ಮರಿ ಎಂದು ಗೊತ್ತಾದರೂ ವಾಪಾಸು ಬಿಡುವವರು ಯಾರು? ಮನುಷ್ಯ ತಿನ್ನದಿದ್ದರೆ ಫಿಶ್ ಮೀಲ್ ಕಾರ್ಖಾನೆ ಉಂಟಲ್ಲ! ಇಂತಿಷ್ಟು ಉದ್ದಕ್ಕಿಂತ ಸಣ್ಣ ಮೀನು ಹಿಡಿಯಬಾರದೆಂದು ಕೇರಳ 2015ರಲ್ಲೇ ನಿಯಮ ಮಾಡಿತು. ಯಂತ್ರ ಎಣಿಸುವುದಕ್ಕಿಂತ ಧಕ್ಕೆಯಲ್ಲಿ ಮೀನು ಅಳೆಯುವುದು ಸುಲಭ. ಹಿಡಿತ ಬೇಕಾದದ್ದು ಅಲ್ಲಿ.

ನಾಡದೋಣಿಯವನ ಪಾಡು ಬೇರೆಯೇ. ದೊಡ್ಡ ಬೋಟು ಎರಡನೇ ಯಂತ್ರ ಹಾಕಿತೆಂದು ಪಕ್ಕದ ಬೋಟೂ ಸಾಲ ಮಾಡಿ ಹಾಕುತ್ತದೆ. ಸಾಲ ತೀರಿಸಲು ಇನ್ನಷ್ಟು ದೂರ, ಇನ್ನಷ್ಟು ಡೀಸೆಲ್. ಆ ಡೀಸೆಲಿನ ತೆರಿಗೆ ರಿಯಾಯಿತಿ ಹೊರುವುದು ಸರಕಾರಿ ಬೊಕ್ಕಸ, ಎಂದರೆ ಕೆದಂಬಾಡಿಯ ಅಡಿಕೆ ಬೆಳೆಗಾರನೂ ಪಾಲುದಾರ.

ಇನ್ನೊಂದು ಲೆಕ್ಕವೂ ಉಂಟು. 2018ರ ದಶಂಬರದಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಏಳು ಮಂದಿಯ ಸಮೇತ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದಾಚೆ ಕಡಲ ತಳದಲ್ಲಿದೆ ಎಂದು ಗೊತ್ತಾದದ್ದು 2019ರ ಮೇ ತಿಂಗಳಲ್ಲಿ, ನೌಕಾಪಡೆ ಹುಡುಕಿದ ಮೇಲೆ. ಎರಡನೇ ಫಿಶ್ ಫೈಂಡರಿಗೆ ದುಡ್ಡು ಎಣಿಸುವ ಮಾಲಕರು, ಬೋಟು ಎಲ್ಲಿದೆ ಎಂದು ದಡಕ್ಕೆ ತಿಳಿಸುವ ಯಂತ್ರ ಮೊದಲು ಕೂರಿಸಿದ್ದಾರೆಯೇ ಎಂದು ಕಲಾಸಿಗಳ ಮನೆಯವರು ಕೇಳಬೇಕು.